ಹಾಲಿಲ್ಲದ ಚಹಾಕ್ಕೆ ಎಂಥ ಪುಡಿ ತರಬೇಕು?

ಓದುಗರ ಪ್ರಶ್ನೆ: ನಾವು ಶಹಾಬಾದ್‌ನವರು. ಮನೆಯವರಿಗೆ ಶುಗರ್ ಬಂದ ಮೇಲೆ ಚಹಾಕ್ಕೆ ಸಕ್ಕರೆ ಹಾಕುವುದು ಬಿಟ್ಟೆವು. ನನಗೆ ಹಾಲಿನಿಂದ ಹೊಟ್ಟೆ ಉಬ್ಬರ, ಹಾಗಾಗಿ ಹಾಲೂ ಬಿಟ್ಟೆವು. ಈಗ ಮೊದಲಿನ ಪುಡಿಯನ್ನೇ ಬರೀ ನೀರಲ್ಲಿ ಕುದಿಸಿ ಕುಡಿಯುತ್ತಿದ್ದೇವೆ. ಕಹಿ, ಒಗರು, ಗಂಟಲು ಹಿಡಿದಂತಾಗುತ್ತದೆ. ಮೇಲೆ ಎಣ್ಣೆಯಂಥ ಪದರ ಬೇರೆ ಕಟ್ಟುತ್ತದೆ. ಪುಡಿಯಲ್ಲಿ ಕಲಬೆರಕೆ ಇದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಒಳ್ಳೆಯ ಬ್ಲ್ಯಾಕ್ ಟೀ ಯಾವುದು? ಡಾರ್ಜಿಲಿಂಗ್, ಗ್ರೀನ್ ಟೀ ಅಂತೆಲ್ಲ ಕೇಳಿದ್ದೇವೆ, ಯಾವುದರಿಂದ ಶುರು ಮಾಡಬೇಕು? ದುಬಾರಿ ಆಗುವುದಿಲ್ಲವಾ? ಯಾವ ಹೊತ್ತಿಗೆ ಕುಡಿದರೆ ಒಳ್ಳೆಯದು?

ಉತ್ತರ: ಅಕ್ಕಾವ್ರೇ, ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಪುಡಿಯೂ ಬಹುಶಃ ಸರಿಯಾಗಿಯೇ ಇದೆ. ಹಾಲು ಹಾಕಿ ಕುದಿಸಲಿಕ್ಕೆ ಅಂತಲೇ ಮಾಡಿದ ಪುಡಿಯನ್ನು ನೀವು ಹಾಲಿಲ್ಲದೆ ಕುದಿಸುತ್ತಿದ್ದೀರಿ, ತೊಂದರೆ ಇರುವುದು ಅಲ್ಲಿ. ಹಾಲು ಬಿಟ್ಟವರಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರೆ. ಒಂದಷ್ಟು ದಿನ ಮುಖ ಕಿವುಚಿಕೊಂಡು ಕುಡಿಯುತ್ತಾರೆ, ಆಮೇಲೆ ಬ್ಲ್ಯಾಕ್ ಟೀ ನಮಗೆ ಆಗಿಬರಲ್ಲ ಅಂತ ಬಿಟ್ಟೇಬಿಡುತ್ತಾರೆ. ನೀವು ಹಾಗೆ ಬಿಡಬೇಡಿ. ಎಲೆ ಬದಲಿಸಿ, ನೀರಿನ ಕಡೆ ಸ್ವಲ್ಪ ಗಮನ ಕೊಡಿ, ಕುದಿಸುವುದನ್ನು ನಿಲ್ಲಿಸಿ. ಸಕ್ಕರೆಯೂ ಬೇಡ ಹಾಲೂ ಬೇಡ ಅನ್ನುವಂಥ ಚಹಾ ನಮ್ಮ ದೇಶದಲ್ಲೇ ಬೇಕಾದಷ್ಟಿದೆ.

ಕಿರಾಣಿ ಅಂಗಡಿಯಲ್ಲಿ ಸಿಗುವ ಪುಡಿ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಂಡು ಕಾಳಿನ ಹಾಗೆ ಇರುತ್ತದೆ ಅಲ್ವಾ? ಅದನ್ನು ಸಿಟಿಸಿ ಅಂತಾರೆ. ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರದ ಕೆಲಸ ಅದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾಯಿತು. ಈಗ ದೇಶದಲ್ಲಿ ತಯಾರಾಗುವ ಚಹಾದಲ್ಲಿ ಬಹುಪಾಲು ಇದೇ. ಎಲೆ ಪೂರ್ತಿ ಜಜ್ಜಿಹೋಗಿರುವುದರಿಂದ ನೀರಿಗೆ ಬಿದ್ದ ತಕ್ಷಣ ಬಣ್ಣ, ಕಡಕ್‌ತನ, ಒಗರು ಎಲ್ಲ ಒಟ್ಟಿಗೆ ಬಿಡುತ್ತದೆ. ಹಾಲಿನಲ್ಲಿರುವ ಪ್ರೋಟೀನು ಆ ಒಗರನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆ ಉಳಿದದ್ದನ್ನು ಮುಚ್ಚುತ್ತದೆ. ಇಷ್ಟೆಲ್ಲ ಹಾಕಿದ ಮೇಲೂ ಚಹಾದ ರುಚಿ ಮೇಲೆ ಬರಬೇಕು, ಅದಕ್ಕೇ ಅದು ಅಷ್ಟು ಗಟ್ಟಿ. ನಮ್ಮ ಕಲಬುರಗಿಯ ಹೋಟೆಲ್‌ಗಳಲ್ಲಿ ಇನ್ನೂ ಸಣ್ಣದಾದ ಡಸ್ಟ್ ಹಾಕಿ ಗಂಟೆಗಟ್ಟಲೆ ಒಲೆಯ ಮೇಲೆ ಇಡುತ್ತಾರೆ, ಆ ಚಹಾ ಅದರ ರೀತಿಯಲ್ಲಿ ಬಹಳ ಚಲೋ ಇರುತ್ತದೆ, ನಾನೂ ಇಷ್ಟಪಟ್ಟು ಕುಡಿಯುತ್ತೇನೆ. ಆದರೆ ಸೀತನಿ ತಿನ್ನುವ ಜೋಳ ಬೇರೆ, ರೊಟ್ಟಿಯ ಜೋಳ ಬೇರೆ ಇರುವ ಹಾಗೆ, ಹಾಲಿಲ್ಲದ ಚಹಾಕ್ಕೆ ಬೇರೆಯದೇ ಎಲೆ ಬೇಕು.

ಹೊಸ ಎಲೆ ತರುವವರೆಗೆ ಮನೆಯಲ್ಲಿರುವ ಪುಡಿಯನ್ನೇ ಹೀಗೆ ಮಾಡಿ ನೋಡಿ. ನೀರು ಚೆನ್ನಾಗಿ ಕುದಿಸಿ, ಒಲೆ ಆರಿಸಿ. ಒಂದು ಕಪ್‌ಗೆ ಅರ್ಧ ಚಿಕ್ಕ ಚಮಚಕ್ಕಿಂತ ಜಾಸ್ತಿ ಬೇಡ. ಪುಡಿ ಹಾಕಿ ಮುಚ್ಚಿಡಿ. ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು ನಿಮಿಷಕ್ಕೆ ಸೋಸಿಬಿಡಿ. ಇಷ್ಟರಲ್ಲೇ ಅರ್ಧ ಕಹಿ ಹೋಗುತ್ತದೆ.

ಈಗ ಮೇಲೆ ಕಟ್ಟುವ ಪದರದ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದಲ್ಲಿ ಚಹಾ ಕೆಡಿಸುವುದು ಪುಡಿಗಿಂತ ಜಾಸ್ತಿ ನೀರೇ. ನೀವು ಇರುವುದು ಶಹಾಬಾದ್‌ನಲ್ಲಿ. ಮನೆಮನೆಯ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಚಿತ್ತಾಪುರ, ಸೇಡಂ ಸುತ್ತ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಇದೇ ಕಲ್ಲಿಗಾಗಿ. ಇಂಥ ನೆಲದ ಬೋರ್ ನೀರು ಗಡಸಾಗಿರುತ್ತದೆ, ಅದರಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಸಾಬೂನು ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ಒಳಗೆ ಬೆಳ್ಳಗೆ ಪೊರೆ ಕಟ್ಟುತ್ತದೆ, ಇದೆಲ್ಲ ನಿಮಗೆ ಗೊತ್ತಿರುವುದೇ. ಆ ಸುಣ್ಣದ ಅಂಶ ಚಹಾದ ಒಗರಿನ ಜೊತೆ ಸೇರಿ, ಗಾಳಿ ತಾಗುವ ಮೇಲ್ಭಾಗದಲ್ಲಿ ತೆಳ್ಳನೆಯ ಕಂದು ಪದರವಾಗುತ್ತದೆ. ಕಪ್‌ನ ಅಂಚಿಗೆ ಕಲೆ ಕಟ್ಟುವುದೂ ಅದೇ. ಅದು ಎಣ್ಣೆಯೂ ಅಲ್ಲ, ಕಲಬೆರಕೆಯ ಗುರುತೂ ಅಲ್ಲ. ಕುಡಿದರೆ ಏನೂ ಆಗುವುದಿಲ್ಲ, ಆದರೆ ಇಂಥ ನೀರಲ್ಲಿ ಒಳ್ಳೆಯ ಎಲೆಯ ಘಮ ಮಂಕಾಗುತ್ತದೆ, ಬಣ್ಣವೂ ಕೊಳೆಕೊಳೆಯಾಗಿ ಕಾಣುತ್ತದೆ. ದುಡ್ಡು ಕೊಟ್ಟು ಡಾರ್ಜಿಲಿಂಗ್ ತಂದು ಇಂಥ ನೀರಿಗೆ ಹಾಕಿದರೆ ಸುಮ್ನೆ ದಂಡ.

ಉಪಾಯ ಸುಲಭ. ನೀರನ್ನು ಐದು-ಹತ್ತು ನಿಮಿಷ ಕುದಿಸಿ ಪೂರ್ತಿ ಆರಲು ಬಿಡಿ, ಸುಣ್ಣ ಬಹಳಷ್ಟು ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಬಗ್ಗಿಸಿಕೊಂಡು ಚಹಾಕ್ಕೆ ಮತ್ತೆ ಕಾಯಿಸಿ. ಮನೆಯಲ್ಲಿ ಆರ್‌ಓ ಮಷಿನ್ ಇದ್ದರೆ ಅದರ ನೀರು ಬಳಸಬಹುದು. ಕೆಲವು ಮಷಿನ್‌ಗಳು ನೀರಿನ ಸಾರವನ್ನೆಲ್ಲ ತೆಗೆದುಬಿಡುತ್ತವೆ, ಅದರಲ್ಲಿ ಮಾಡಿದ ಚಹಾ ಸಪ್ಪೆ ಹೊಡೆಯುತ್ತದೆ. ಹಾಗನ್ನಿಸಿದರೆ ಮುಕ್ಕಾಲು ಪಾಲು ಆರ್‌ಓ ನೀರು, ಕಾಲು ಪಾಲು ಕುದಿಸಿ ತಿಳಿ ಮಾಡಿದ ನಿಮ್ಮ ನೀರು ಸೇರಿಸಿ. ಒಂದೆರಡು ಹನಿ ಲಿಂಬೆರಸ ಬಿಟ್ಟರೂ ಪದರ ಕಟ್ಟುವುದಿಲ್ಲ, ಜೊತೆಗೆ ಬಣ್ಣವೂ ತಿಳಿಯಾಗುತ್ತದೆ. ಲಿಂಬೆ ಹಾಕಿದರೆ ಎಲೆಯ ಸೂಕ್ಷ್ಮ ಘಮ ಹೋಗುತ್ತದೆ ಅನ್ನುವುದೂ ನೆನಪಿರಲಿ. ಮೊದಲು ಹಾಗೇ ಕುಡಿದು ನೋಡಿ, ಆಮೇಲೆ ಬೇಕಾದರೆ ಲಿಂಬೆ.

ಕಲಬೆರಕೆಯ ಅನುಮಾನ ಇದ್ದೇ ಇದ್ದರೆ ಮನೆಯಲ್ಲೇ ನೋಡಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದವರೂ ಇದೇ ಹೇಳುತ್ತಾರೆ. ಬಿಳಿ ಫಿಲ್ಟರ್ ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಆಮೇಲೆ ಪುಡಿ ತೆಗೆದು ಕಾಗದ ತೊಳೆದು ಬೆಳಕಿಗೆ ಹಿಡಿಯಿರಿ. ಬಣ್ಣ ಹಾಕಿದ ಪುಡಿ ತಕ್ಷಣ ಕಲೆ ಬಿಡುತ್ತದೆ, ಒಳ್ಳೆಯದು ಬಿಡುವುದಿಲ್ಲ. ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಪುಡಿ ತರುವವರು ಇದನ್ನು ಒಮ್ಮೆ ಮಾಡಲೇಬೇಕು.

ಇನ್ನು ಎಲೆ. ನೀವು ಕೇಳಬೇಕಾದದ್ದು ಆರ್ಥೊಡಾಕ್ಸ್ ಚಹಾ. ಪ್ಯಾಕೆಟ್ ಮೇಲೆ ಈ ಪದವೇ ಇರುತ್ತದೆ. ಕಿತ್ತ ಎಲೆಯನ್ನು ರಾತ್ರಿಯೆಲ್ಲ ಬಾಡಿಸಿ, ಹದವಾಗಿ ಉರುಳಿಸಿ ಹೊಸೆದು, ಗಾಳಿಗೆ ಬಿಟ್ಟು ಕಂದು ಬಣ್ಣಕ್ಕೆ ತಿರುಗಿಸಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಜಜ್ಜದೆ ಹೊಸೆದಿರುವುದರಿಂದ ಅದು ನೀರಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲು ಘಮ ಬರುತ್ತದೆ, ಒಗರು ಹಿಂದಿನಿಂದ ಬರುತ್ತದೆ. ಒಗರು ಜೋರಾಗುವ ಮೊದಲೇ ಸೋಸಿಬಿಟ್ಟರೆ ನಿಮ್ಮ ಕೆಲಸ ಆಯಿತು.

ಪ್ಯಾಕೆಟ್ ಮೇಲೆ ಓಪಿ, ಬಿಓಪಿ, ಎಫ್‌ಟಿಜಿಎಫ್‌ಓಪಿ ಅಂತ ಉದ್ದುದ್ದ ಅಕ್ಷರ ಇರುತ್ತವೆ. ಹೆದರಬೇಡಿ. ಎಲೆ ಪೂರ್ತಿ ಇದೆಯಾ, ಮುರಿದಿದೆಯಾ, ಚಿಗುರು ಎಷ್ಟಿದೆ ಅನ್ನುವುದನ್ನು ಹೇಳುವ ಅಕ್ಷರಗಳು ಅವು. ಬಿ ಅಂದರೆ ಮುರಿದ ಎಲೆ, ಬೇಗ ಇಳಿಯುತ್ತದೆ, ಸ್ವಲ್ಪ ಗಟ್ಟಿ. ಅಕ್ಷರ ಜಾಸ್ತಿ ಇದ್ದ ಮಾತ್ರಕ್ಕೆ ರುಚಿ ಜಾಸ್ತಿ ಅಂತ ಅಲ್ಲ. ಅದಕ್ಕಿಂತ ತೋಟದ ಹೆಸರು, ಯಾವ ಕಾಲದ ಕೊಯ್ಲು, ಪ್ಯಾಕ್ ಮಾಡಿದ ತಾರೀಕು ಇವನ್ನು ನೋಡಿ. ಈ ಮೂರನ್ನೂ ಬರೆದಿರುವ ವ್ಯಾಪಾರಿ ಸಾಮಾನ್ಯವಾಗಿ ಒಳ್ಳೆಯ ಸರಕೇ ಇಟ್ಟಿರುತ್ತಾನೆ. ಟೀ ಬ್ಯಾಗ್ ಸದ್ಯಕ್ಕೆ ಬೇಡ, ಅದರಲ್ಲಿ ಬಹುತೇಕ ಸಣ್ಣ ಚೂರು ಮತ್ತು ಡಸ್ಟ್ ಇರುತ್ತದೆ, ಅಂದರೆ ನೀವು ಬಿಡಬೇಕು ಅಂದುಕೊಂಡದ್ದೇ ದಾರ ಕಟ್ಟಿಕೊಂಡು ವಾಪಸ್ ಬರುತ್ತದೆ. ಪರಿಮಳ ಸೇರಿಸಿದ ಚಹಾಗಳನ್ನೂ ಮೊದಲಿಗೆ ಕೊಳ್ಳಬೇಡಿ, ಪರಿಮಳದ ಕೆಳಗೆ ಎಲೆ ಹೇಗಿದೆ ಅನ್ನುವುದೇ ತಿಳಿಯುವುದಿಲ್ಲ.

ನನ್ನ ಮಾತು ಕೇಳುವುದಾದರೆ ನೀಲಗಿರಿಯಿಂದ ಶುರು ಮಾಡಿ. ಕೂನೂರು, ಕೋಟಗಿರಿ, ಊಟಿ ಕಡೆಯ ಎತ್ತರದ ತೋಟಗಳ ಆರ್ಥೊಡಾಕ್ಸ್ ಎಲೆ. ಒಗರು ಕಡಿಮೆ, ಹೂವಿನಂಥ ತಿಳಿ ಘಮ, ಕಿತ್ತಳೆ ಬಣ್ಣ. ಹಾಲಿನ ಚಹಾದಿಂದ ಈಗಷ್ಟೇ ಹೊರಗೆ ಬಂದವರಿಗೆ ಇದರಷ್ಟು ಹೊಂದಿಕೊಳ್ಳುವ ಚಹಾ ಇನ್ನೊಂದು ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ನಿಮಿಷ ಹೆಚ್ಚಾದರೂ ಬೇರೆ ಚಹಾಗಳಷ್ಟು ಮುನಿಸಿಕೊಳ್ಳುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚಳಿಯಲ್ಲಿ ಕೀಳುವ ಎಲೆಗೆ ಘಮ ಇನ್ನೂ ಚಲೋ, ಅದನ್ನು ವಿಂಟರ್ ಅಥವಾ ಫ್ರಾಸ್ಟ್ ಟೀ ಅಂತ ಮಾರುತ್ತಾರೆ. ಬೆಲೆಯೂ ಡಾರ್ಜಿಲಿಂಗ್ ಮಟ್ಟಕ್ಕೆ ಹೋಗುವುದಿಲ್ಲ.

ಮಾಡುವ ರೀತಿ: ಒಂದು ದೊಡ್ಡ ಕಪ್‌ಗೆ, ಅಂದರೆ ಸುಮಾರು 150ರಿಂದ 200 ಮಿ.ಲೀ. ನೀರಿಗೆ, 2 ಗ್ರಾಂ ಎಲೆ. ಎಲೆ ಹಗುರ, ಹಾಗಾಗಿ ಚಿಕ್ಕ ಚಮಚ ತುಂಬ ಒಂದು ಬೇಕಾಗುತ್ತದೆ. ನೀರು ಕುದಿ ಬಂದ ಕೂಡಲೇ ಎಲೆಯ ಮೇಲೆ ಸುರಿದು ಮುಚ್ಚಿ. ಮೂರು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಅಂದಾಜಿನ ಮೇಲೆ ಬಿಡಬೇಡಿ. ಪೂರ್ತಿ ಸೋಸಿ, ಎಲೆಯಲ್ಲಿ ನೀರು ನಿಲ್ಲದ ಹಾಗೆ ಬಸಿಯಿರಿ. ಅದೇ ಎಲೆಗೆ ಇನ್ನೊಮ್ಮೆ ಬಿಸಿನೀರು ಹಾಕಿ ನಾಲ್ಕೈದು ನಿಮಿಷ ಬಿಟ್ಟರೆ ಎರಡನೇ ಕಪ್ ಬರುತ್ತದೆ, ಸ್ವಲ್ಪ ತೆಳು, ಆದರೆ ಕುಡಿಯಲಿಕ್ಕೆ ಹಿತ. ಕಪ್ ಬಿಳಿಯದಾಗಿದ್ದರೆ ಒಳ್ಳೆಯದು, ಬಣ್ಣ ಕಾಣುತ್ತದೆ. ತೀರಾ ಸುಡುಸುಡು ಕುಡಿಯಬೇಡಿ. ಬಸಿಗೆ ಹಾಕಿ ಆರಿಸಿ ಕುಡಿಯುವ ನಮ್ಮ ಹಿರಿಯರ ರೂಢಿ ಈ ಚಹಾಕ್ಕೆ ಬಹಳ ಹೊಂದುತ್ತದೆ, ಆರಿದ ಮೇಲೇ ಇದರ ರುಚಿ ಗೊತ್ತಾಗುವುದು.

ನಿಮ್ಮ ಮನೆಯವರಿಗೆ ನೀಲಗಿರಿ ತೆಳುವಾಯಿತು, ಕಡಕ್ ಬೇಕು ಅನ್ನಿಸಬಹುದು. ಅವರಿಗೆ ಅಸ್ಸಾಂ ಆರ್ಥೊಡಾಕ್ಸ್ ತನ್ನಿ. ಬ್ರಹ್ಮಪುತ್ರದ ತಗ್ಗು ಬಯಲಿನಲ್ಲಿ ಬೆಳೆಯುವ, ದೊಡ್ಡ ಎಲೆಯ ಗಿಡ ಅದು. ಕೆಂಪು ಬಣ್ಣ, ಹುರಿದ ಧಾನ್ಯದ ಘಮ, ಬಾಯಿ ತುಂಬುವ ರುಚಿ. ಮೇ-ಜೂನ್‌ನ ಎರಡನೇ ಕೊಯ್ಲು, ಅಂದರೆ ಸೆಕೆಂಡ್ ಫ್ಲಶ್, ಅದರಲ್ಲಿ ಶ್ರೇಷ್ಠ. ಎಲೆಯ ನಡುವೆ ಬಂಗಾರದ ಬಣ್ಣದ ಚಿಗುರು ಎದ್ದು ಕಾಣಬೇಕು. ಇದನ್ನು ಮೂರು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಒಗರು ಬೇಗ ಏರುತ್ತದೆ. ಶುಗರ್ ಇಲ್ಲದವರು ಇದಕ್ಕೆ ಚೂರು ಬೆಲ್ಲ ಹಾಕಿ ನೋಡಬಹುದು, ಹಾಲಿಲ್ಲವಾದ್ದರಿಂದ ಒಡೆಯುವ ಭಯವೂ ಇಲ್ಲ. ಆದರೆ ಶುಗರ್ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ, ಆ ವಿಷಯದಲ್ಲಿ ಯಾರ ಮಾತಿಗೂ ಮರುಳಾಗಬೇಡಿ.

ಮೂರನೆಯದು ಡಾರ್ಜಿಲಿಂಗ್. ಅದರ ರುಚಿ ಅಸ್ಸಾಂಗಿಂತ ಅಷ್ಟು ಬೇರೆ ಇರುವುದಕ್ಕೆ ಕಾರಣ ಗಿಡ. 1841ರಲ್ಲಿ ಅಲ್ಲಿ ಮೊದಲು ನೆಟ್ಟದ್ದು ಚೀನಾ ಮೂಲದ ಸಣ್ಣ ಎಲೆಯ ಗಿಡ, ಇಂದಿಗೂ ಹಳೆಯ ತೋಟಗಳಲ್ಲಿ ಅದೇ ಜಾತಿ ಉಳಿದಿದೆ. ಮೇಲಾಗಿ ಹಿಮಾಲಯದ ಚಳಿ, ಮಂಜು, ಕಡಿದಾದ ಇಳಿಜಾರು. ಮಾರ್ಚ್-ಏಪ್ರಿಲ್‌ನ ಫಸ್ಟ್ ಫ್ಲಶ್ ನೋಡಿದರೆ ನಿಮಗೆ ಇದು ಬ್ಲ್ಯಾಕ್ ಟೀಯೇ ಅಲ್ಲ ಅನ್ನಿಸುತ್ತದೆ, ಎಲೆ ಹಸಿರು ಮಿಶ್ರ, ನೀರು ತಿಳಿ ಹಳದಿ. ಹೊಸಬರು ಇದನ್ನು ಮೊದಲು ಕೊಂಡು, ಇಷ್ಟು ದುಡ್ಡಿಗೆ ಇಷ್ಟು ತೆಳ್ಳಗಾ ಅಂತ ಬೇಸರ ಮಾಡಿಕೊಳ್ಳುತ್ತಾರೆ. ನೀವು ಮೇ-ಜೂನ್‌ನ ಸೆಕೆಂಡ್ ಫ್ಲಶ್‌ನಿಂದ ಶುರು ಮಾಡಿ. ಅದರಲ್ಲಿ ಮಾಗಿದ ದ್ರಾಕ್ಷಿಯ ಘಮ ಇರುತ್ತದೆ, ಅದಕ್ಕೆ ಮಸ್ಕಟೆಲ್ ಅಂತಾರೆ. ಆ ಕಾಲದಲ್ಲಿ ಎಲೆಯ ರಸ ಹೀರುವ ಸಣ್ಣ ಹುಳುಗಳು ಬರುತ್ತವೆ, ಕಡಿಸಿಕೊಂಡ ಎಲೆ ತನ್ನನ್ನು ಕಾಪಾಡಿಕೊಳ್ಳಲು ಹುಟ್ಟಿಸುವ ವಸ್ತುಗಳಿಂದಲೇ ಆ ಘಮ ಬಹಳ ಮಟ್ಟಿಗೆ ಬರುತ್ತದೆ. ಎಂಥ ಸೋಜಿಗ ನೋಡಿ, ಹುಳು ಕಡಿದ ಎಲೆಗೆ ಜಗತ್ತು ಹೆಚ್ಚು ದುಡ್ಡು ಕೊಡುತ್ತದೆ!

ಡಾರ್ಜಿಲಿಂಗ್ ಕೊಳ್ಳುವಾಗ ಎಚ್ಚರ ಬೇಕು. ಆ ಹೆಸರಿಗೆ ಬೇಡಿಕೆ ಜಾಸ್ತಿ, ಬೆಳೆ ಕಡಿಮೆ. ಬೇರೆ ಕಡೆಯ ಎಲೆ ಆ ಹೆಸರಲ್ಲಿ ಮಾರಾಟವಾಗುತ್ತದೆ ಅನ್ನುವ ದೂರು ಹಳೆಯದು. ಆ ಜಾಗದ ಸರಕಿಗೆ ಮಾತ್ರ ಆ ಹೆಸರು ಅನ್ನುವ ಭೌಗೋಳಿಕ ಗುರುತು (ಜಿಐ) ದೇಶದಲ್ಲಿ ಮೊದಲ ಬಾರಿಗೆ ಸಿಕ್ಕ ಪದಾರ್ಥ ಡಾರ್ಜಿಲಿಂಗ್ ಚಹಾವೇ, 2004ರಲ್ಲಿ. ಎರಡು ಎಲೆ ಒಂದು ಮೊಗ್ಗು ಹಿಡಿದ ಹೆಂಗಸಿನ ಮುಖದ ಗುರುತು ಪ್ಯಾಕೆಟ್ ಮೇಲೆ ಇದೆಯಾ ನೋಡಿ, ತೋಟದ ಹೆಸರು ಇದೆಯಾ ನೋಡಿ. ಅರ್ಧ ಕಿಲೋ ಡಾರ್ಜಿಲಿಂಗ್ ಮಾಮೂಲಿ ಪುಡಿಯ ಬೆಲೆಗೆ ಕೊಡುತ್ತೇವೆ ಅಂದರೆ ಮುಂದಕ್ಕೆ ಹೋಗಿ.

ಇವು ಮೂರು ನಾಲಿಗೆಗೆ ಹತ್ತಿದ ಮೇಲೆ ದಾರಿ ಅಗಲವಾಗುತ್ತದೆ. ಕರ್ನಾಟಕದಲ್ಲೂ ಚಿಕ್ಕಮಗಳೂರು, ಕೊಡಗಿನ ಕೆಲವು ತೋಟಗಳಲ್ಲಿ ಚಹಾ ಇದೆ, ಸಿಕ್ಕರೆ ಬಿಡಬೇಡಿ. ಶ್ರೀಲಂಕಾದ ನುವಾರ ಎಲಿಯ ತಿಳಿಯಾಗಿ ಚುರುಕಾಗಿರುತ್ತದೆ, ಡಿಂಬುಲ ಸ್ವಲ್ಪ ಗಟ್ಟಿ. ಚೀನಾದ ಯುನಾನ್ ಪ್ರಾಂತ್ಯದ ಕಪ್ಪು ಚಹಾ ಬಹಳ ಮೃದು, ಸಕ್ಕರೆ ಹಾಕದೆಯೂ ಸಿಹಿಯ ನೆನಪು ಕೊಡುತ್ತದೆ, ನಿಮ್ಮಂಥವರಿಗೆ ಇಷ್ಟವಾಗಬಹುದು. ಲಾಪ್ಸಂಗ್ ಅಂತ ಪೈನ್ ಕಟ್ಟಿಗೆಯ ಹೊಗೆ ಹಾಕಿ ಒಣಗಿಸಿದ್ದು ಒಂದಿದೆ. ಅದನ್ನು ಕೊಳ್ಳುವ ಮೊದಲು ಯಾರ ಮನೆಯಲ್ಲಾದರೂ ಒಂದು ಗುಟುಕು ಕುಡಿದು ನೋಡಿ.

ಗ್ರೀನ್ ಟೀ ಕೇಳಿದ್ದೀರಿ. ಗಿಡ ಒಂದೇ, ಮಾಡುವ ರೀತಿ ಬೇರೆ. ಎಲೆಯನ್ನು ಕೂಡಲೇ ಬಿಸಿ ಮಾಡಿ ಕಂದಾಗದಂತೆ ತಡೆದರೆ ಗ್ರೀನ್, ಅರ್ಧಂಬರ್ಧ ಕಂದಾಗಲು ಬಿಟ್ಟರೆ ಊಲಾಂಗ್, ಪೂರ್ತಿ ಬಿಟ್ಟರೆ ಬ್ಲ್ಯಾಕ್. ನಮ್ಮಲ್ಲಿ ಗ್ರೀನ್ ಟೀ ಕಹಿ ಅನ್ನುವವರೆಲ್ಲ ಅದಕ್ಕೆ ಕುದಿಯುವ ನೀರು ಹಾಕಿರುತ್ತಾರೆ. ಅದಕ್ಕೆ ಬೇಕಾದದ್ದು ಸುಮಾರು 80 ಡಿಗ್ರಿ. ಥರ್ಮಾಮೀಟರ್ ಬೇಡ, ಮೂರು ಪಾಲು ಕುದಿದ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಬೆರೆಸಿ, ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಎರಡು ನಿಮಿಷ ಸಾಕು. ತೂಕ ಇಳಿಯುತ್ತದೆ ಅಂತ ಮಾತ್ರ ಕುಡಿಯಬೇಡಿ, ರುಚಿ ಹಿಡಿಸಿದರೆ ಕುಡಿಯಿರಿ. ನನ್ನನ್ನು ಕೇಳಿದರೆ ಗ್ರೀನ್‌ಗಿಂತ ಮೊದಲು ಊಲಾಂಗ್ ನೋಡಿ, ಬ್ಲ್ಯಾಕ್ ಟೀ ರೂಢಿಯಾದವರಿಗೆ ಅದು ಹತ್ತಿರದ ನಂಟು. ತುಳಸಿ, ದಾಸವಾಳ, ಆಳಂದ-ಬಸವಕಲ್ಯಾಣದ ಮನೆಗಳ ಹಿತ್ತಲಲ್ಲಿ ಬೆಳೆಯುವ ಗವತಿ ಹುಲ್ಲು (ಲಿಂಬೆಹುಲ್ಲು), ಇವು ಚಹಾ ಗಿಡದವಲ್ಲ, ಇವುಗಳಲ್ಲಿ ಕೆಫೀನ್ ಇಲ್ಲ. ರಾತ್ರಿ ಏನಾದರೂ ಬಿಸಿ ಬೇಕೆನಿಸಿದರೆ ಇವೇ ಸರಿ.

ಹೊಸದು ತಂದಾಗ ಒಂದನ್ನೇ ಮಾಡಿ ಕುಡಿಯಬೇಡಿ. ಹಳೆಯದು ಒಂದು ಕಪ್, ಹೊಸದು ಒಂದು ಕಪ್, ಅಳತೆ ಒಂದೇ, ಹೊತ್ತು ಒಂದೇ, ಪಕ್ಕಪಕ್ಕ ಇಟ್ಟು ಒಂದೊಂದು ಗುಟುಕು ಕುಡಿಯಿರಿ. ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ. ರುಚಿ ನೋಡುವುದನ್ನು ಕೆಲಸ ಮಾಡಿಕೊಂಡಿರುವ ನಾವೂ ಹೀಗೇ ಮಾಡುವುದು.

ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟಿದಾಗ ಬಿಸಿ ಚಹಾ ಯಾರಿಗೆ ಬೇಕು? ಆಗ ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ನೀಲಗಿರಿ ಎಲೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಸೋಸಿ. ಕುಡಿಯಲು ಯೋಗ್ಯವಾದ ಶುದ್ಧ ನೀರೇ ಬೇಕು, ಇಲ್ಲಿ ಕುದಿಸುವುದಿಲ್ಲವಲ್ಲ. ತಣ್ಣೀರಿಗೆ ಒಗರು ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಸಕ್ಕರೆಯ ಆಸೆಯೇ ಆಗುವುದಿಲ್ಲ. ಅಸ್ಸಾಂ ಚಹಾವನ್ನು ಬಿಸಿಯಾಗಿ ಮಾಡಿ ಫ್ರಿಜ್‌ನಲ್ಲಿಟ್ಟರೆ ಮಬ್ಬಾಗುತ್ತದೆ, ಕೆಟ್ಟಿದೆ ಅಂತ ಚೆಲ್ಲಬೇಡಿ. ಅದರೊಳಗಿನ ಅಂಶಗಳು ಚಳಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಷ್ಟೇ.

ದುಬಾರಿಯ ಮಾತಿಗೆ ಬಂದರೆ, ಲೆಕ್ಕ ಕಿಲೋದಲ್ಲಿ ಹಾಕಬೇಡಿ, ಕಪ್‌ನಲ್ಲಿ ಹಾಕಿ. 100 ಗ್ರಾಂಗೆ 400 ರೂಪಾಯಿ ಅಂದರೆ ಎದೆ ಒಡೆಯುತ್ತದೆ. ಆದರೆ 2 ಗ್ರಾಂನಂತೆ 50 ಕಪ್, ಕಪ್‌ಗೆ 8 ರೂಪಾಯಿ. ಎರಡನೇ ಸಲ ನೀರು ಹಾಕಿದರೆ 4 ರೂಪಾಯಿ. ಹಾಲು, ಸಕ್ಕರೆ ಉಳಿದದ್ದನ್ನೂ ಸೇರಿಸಿಕೊಳ್ಳಿ. ಕಲಬುರಗಿಯಲ್ಲಿ ದೊಡ್ಡ ಅಂಗಡಿಗಳಲ್ಲಿ ಹುಡುಕಿದರೆ ಕೆಲವು ಸಿಗುತ್ತವೆ, ಎಲ್ಲ ಬಗೆ ಬೇಕಾದರೆ ತೋಟದವರಿಂದ ಆನ್‌ಲೈನ್‌ನಲ್ಲೇ ತರಿಸುವುದು ಸರಿ. ಮೊದಲ ಸಲ ಯಾವುದನ್ನೂ 50 ಗ್ರಾಂಗಿಂತ ಜಾಸ್ತಿ ತರಿಸಬೇಡಿ. ಬಂದ ಎಲೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದಲೂ ಮಸಾಲೆ ಡಬ್ಬಿಯಿಂದಲೂ ದೂರ ಇಡಿ. ಚಹಾ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಖಾರದ ಪುಡಿಯ ಪಕ್ಕ ಇಟ್ಟ ಡಾರ್ಜಿಲಿಂಗ್ ಕೈಬಿಟ್ಟ ಹಾಗೆಯೇ.

ಕೊನೆಯದು, ಯಾವಾಗ ಕುಡಿಯಬೇಕು. ಊಟದ ಜೊತೆ ಬೇಡ, ಊಟವಾದ ಕೂಡಲೇ ಬೇಡ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾದ ಒಗರು ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಂಗಸರು, ಬಸುರಿಯರು ಇದನ್ನು ಗಟ್ಟಿಯಾಗಿ ಪಾಲಿಸಬೇಕು. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಇರಲಿ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವಾಗಲೂ ಅಷ್ಟೇ. ಬರೀ ಹೊಟ್ಟೆಗೆ ಕುಡಿದರೆ ಕೆಲವರಿಗೆ ಎದೆಯುರಿ ಬರುತ್ತದೆ, ಎರಡು ತುತ್ತು ಏನಾದರೂ ತಿಂದು ಕುಡಿಯಿರಿ. ಒಂದು ಕಪ್ ಬ್ಲ್ಯಾಕ್ ಟೀಯಲ್ಲಿ ಸುಮಾರು 40-50 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ ಮೂರ್ನಾಲ್ಕು ಕಪ್ ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ, ನಿದ್ದೆಯ ತೊಂದರೆ ಇದ್ದವರು ಸಂಜೆ ನಾಲ್ಕೈದು ಗಂಟೆಗೆ ನಿಲ್ಲಿಸಲಿ. ನಿಮ್ಮ ಮನೆಯವರ ಶುಗರ್ ಮಾತ್ರೆ ಯಾವ ಚಹಾ ಕುಡಿದರೂ ಡಾಕ್ಟರು ಹೇಳಿದಂತೆಯೇ ನಡೆಯಲಿ. ಮೊದಲ ಸಲ ತರಿಸುವಾಗ ನೀಲಗಿರಿ ಒಂದು, ಅಸ್ಸಾಂ ಒಂದು, ಐವತ್ತೈವತ್ತು ಗ್ರಾಂ ತರಿಸಿ. ಎರಡರಲ್ಲಿ ಯಾರಿಗೆ ಯಾವುದು ಹಿಡಿಸಿತು ಅಂತ ತಿಳಿಸಿದರೆ ಮುಂದೆ ಯಾವುದು ಅಂತ ನಾನು ಹೇಳುತ್ತೇನೆ.